ಪೊಟೊಮ್ಯಾಕ್ ದಂಡೆಯ ಚೆರ್ರಿ ಮರಗಳು

ಯುಗಾದಿಯ ಆಸುಪಾಸಿನಲ್ಲಿ, ನಮ್ಮ ಕಡೆ ಮಾವು ಬೇವುಗಳು ಚಿಗುರಿ ನಿಂತಿರುವ ಹೊತ್ತಿಗೆ, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಟೈಡಲ್ ಬೇಸಿನ್ ಎಂಬ ಕೊಳದ ಸುತ್ತ ಸಾವಿರಾರು ಚೆರ್ರಿ ಮರಗಳು ಒಮ್ಮೆಗೇ ಹೂವಾಗುತ್ತವೆ. ಎಲೆ ಮೂಡುವುದಕ್ಕೂ ಮೊದಲೇ ಕೊಂಬೆಗಳನ್ನೆಲ್ಲ ಮುಚ್ಚಿಬಿಡುವ ಆ ಬಿಳಿ ಹೂಗಳಲ್ಲಿ ಗುಲಾಬಿ ಬಣ್ಣದ ಒಂದು ತೆಳುವಾದ ಛಾಯೆ ಇರುತ್ತದೆ. ಗಾಳಿ ಮಳೆಗಳು ಕರುಣೆ ತೋರಿದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಆಮೇಲೆ ಪಕಳೆಗಳೆಲ್ಲ ನೀರಿನ ಮೇಲೆ ತೇಲುತ್ತಿರುತ್ತವೆ. ಅಲ್ಲಿ ನೆಲೆಸಿರುವ ಬಂಧುಮಿತ್ರರು ಹಬ್ಬದ ಶುಭಾಶಯದೊಡನೆ ಕಳುಹಿಸುವ ಚಿತ್ರಗಳಲ್ಲಿ ನಮ್ಮಲ್ಲಿ ಅನೇಕರು ಈ ಹೂಗಳನ್ನು ಕಂಡಿದ್ದೇವೆ.

ಜಪಾನಿನಿಂದ ಹತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಈ ಉದ್ಯಾನಕ್ಕೆ ಜಪಾನಿನ ಮರಗಳು ಹೇಗೆ ಬಂದವು ಎಂದು ಕೇಳಿದರೆ ಸಿಗುವ ಉತ್ತರ ಚಿಕ್ಕದು: 1912ರಲ್ಲಿ ಟೋಕಿಯೊ ನಗರವು ಸ್ನೇಹದ ಕುರುಹಾಗಿ 3,020 ಸಸಿಗಳನ್ನು ಕೊಟ್ಟಿತು. ಇದು ನಿಜವೇ. ಆದರೆ ಆ ಉಡುಗೊರೆಯ ಹಿಂದೆ ಇಪ್ಪತ್ತನಾಲ್ಕು ವರ್ಷ ಕಾದ ಒಂದು ಮನವಿಯಿದೆ, ಬೆಂಕಿಗೆ ಬಿದ್ದ ಎರಡು ಸಾವಿರ ಗಿಡಗಳಿವೆ. ಅದರ ಮುಂದೆ ಒಂದು ಮಹಾಯುದ್ಧವಿದೆ. ಇವೆಲ್ಲಕ್ಕೂ ಮಿಗಿಲಾಗಿ, ಮರಕ್ಕೆ ನೆಲ ಕೊಟ್ಟು ಮನುಷ್ಯನಿಗೆ ಕೊಡದ ಕಾನೂನುಗಳ ಕಥೆಯಿದೆ. ಹುಟ್ಟಿದ ನಾಡನ್ನು ಬಿಟ್ಟು ಬೇರೆಡೆ ಬೇರೂರಿರುವ ನಮ್ಮಂಥವರು ಓದಲೇಬೇಕಾದ ಇತಿಹಾಸವಿದು.

ಚೆರ್ರಿ ಹೂವನ್ನು ಜಪಾನೀಯರು ‘ಸಕುರಾ’ ಎನ್ನುತ್ತಾರೆ. ಅದನ್ನು ನೋಡಲೆಂದೇ ಮರದಡಿ ಸೇರುವ ಸಂಪ್ರದಾಯವನ್ನು ‘ಹನಮಿ’ ಎನ್ನುತ್ತಾರೆ. ಕ್ರಿ.ಶ. 812ರಲ್ಲಿ ಸಾಗಾ ಚಕ್ರವರ್ತಿ ಕ್ಯೋಟೊದಲ್ಲಿ ಇಂಥದೊಂದು ಕೂಟವನ್ನು ನಡೆಸಿದ್ದು ದಾಖಲೆಗಳಲ್ಲಿದೆ. ಅರಮನೆಯವರ ಈ ವಿನೋದವು ನಿಧಾನವಾಗಿ ಜನಸಾಮಾನ್ಯರದೂ ಆಯಿತು. 18ನೆಯ ಶತಮಾನದಲ್ಲಿ ಶೋಗನ್ ಯೊಶಿಮುನೆ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಅಸುಕಾಯಾಮಾ ಗುಡ್ಡದ ಮೇಲೆ ಚೆರ್ರಿ ಮರಗಳನ್ನು ನೆಡಿಸಿ ಊರಿನ ಜನರಿಗೆಲ್ಲ ತೆರೆದಿಟ್ಟನು. ತಿನಿಸು, ಮದ್ಯ, ಹಾಡುಗಳೊಡನೆ ಜನರು ಹೂವಿನಡಿ ಹಗಲು ಕಳೆಯುವುದು ಅಂದಿನಿಂದ ಅಲ್ಲಿನ ವಸಂತದ ವಾಡಿಕೆಯಾಗಿದೆ. ಈ ವಾಡಿಕೆಯನ್ನು ಕಂಡು ಮನಸೋತ ಅಮೆರಿಕದ ಮಹಿಳೆಯೊಬ್ಬರಿಂದ ನಮ್ಮ ಕಥೆ ಮೊದಲಾಗುತ್ತದೆ.

ಅವರ ಹೆಸರು ಎಲೈಜಾ ಸಿಡ್‌ಮೋರ್. ಅಣ್ಣ ಜಾರ್ಜ್ ಜಪಾನಿನಲ್ಲಿ ಅಮೆರಿಕದ ಕಾನ್ಸುಲೇಟಿನ ಅಧಿಕಾರಿಯಾಗಿದ್ದರು. ಅವರನ್ನು ಕಾಣಲು ಹೋದ ಎಲೈಜಾ ಸಕುರಾದ ಋತುವಿಗೆ ಮಾರುಹೋದರು. ವರ್ಗಾವಣೆಯ ನೌಕರಿಯಲ್ಲಿರುವವರ ಬಂಧುಗಳಿಗೆ ದೂರದ ಊರುಗಳ ಪರಿಚಯ ಹೀಗೆಯೇ ಆಗುವುದಲ್ಲವೇ. ಎಲೈಜಾ ಮುಂದೆ ಹೆಸರಾಂತ ಪ್ರವಾಸ ಲೇಖಕಿಯಾದರು, ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಆಡಳಿತ ಮಂಡಳಿಗೆ ಬಂದ ಮೊದಲ ಮಹಿಳೆಯಾದರು. ಭಾರತಕ್ಕೂ ಬಂದು ಸುತ್ತಾಡಿ, ಆ ಪ್ರವಾಸದ ಪುಸ್ತಕವನ್ನು 1903ರಲ್ಲಿ ಪ್ರಕಟಿಸಿದರು.

1885ರಲ್ಲಿ ವಾಷಿಂಗ್ಟನ್ನಿಗೆ ಮರಳಿದಾಗ ಅವರ ಕಣ್ಣಿಗೆ ಬಿದ್ದದ್ದು ಪೊಟೊಮ್ಯಾಕ್ ನದಿಯ ಅಂಚು. 1881ರ ಪ್ರವಾಹದ ನಂತರ ನದಿಯ ಹೂಳನ್ನೆತ್ತಿ ಜೌಗನ್ನು ತುಂಬಿ ಹೊಸ ನೆಲವನ್ನೇ ಅಲ್ಲಿ ಸೃಷ್ಟಿಸಲಾಗುತ್ತಿತ್ತು. ಭರತದ ನೀರನ್ನು ತುಂಬಿಕೊಂಡು ಇಳಿತದಲ್ಲಿ ಪಕ್ಕದ ಕಾಲುವೆಗೆ ಬಿಟ್ಟು, ಅಲ್ಲಿ ಕೆಸರು ನಿಲ್ಲದಂತೆ ತೊಳೆಯಲೆಂದು ಕಟ್ಟಿದ್ದೇ ಟೈಡಲ್ ಬೇಸಿನ್. ಏನೂ ಬೆಳೆದಿರದ ಈ ಹೊಸ ನೆಲದಲ್ಲಿ ಚೆರ್ರಿ ಮರಗಳನ್ನು ನೆಡಬಾರದೇಕೆ ಎಂದು ಎಲೈಜಾ ಸಾರ್ವಜನಿಕ ಕಟ್ಟಡಗಳ ಮತ್ತು ಮೈದಾನಗಳ ಉಸ್ತುವಾರಿಯಲ್ಲಿದ್ದ ಸೇನಾಧಿಕಾರಿಗೆ ಮನವಿ ಸಲ್ಲಿಸಿದರು. ಅದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. ಆ ಅಧಿಕಾರಿ ಹೋಗಿ ಮತ್ತೊಬ್ಬರು ಬಂದಾಗ ಎಲೈಜಾ ಮತ್ತೆ ಕೇಳಿದರು. ಅವರೂ ಹೋಗಿ ಇನ್ನೊಬ್ಬರು ಬಂದಾಗ ಮತ್ತೂ ಕೇಳಿದರು. ಹೀಗೆ ಇಪ್ಪತ್ತನಾಲ್ಕು ವರ್ಷಗಳು. ಕಡತಗಳ ನಡುವೆಯೇ ಹಗಲು ಕಳೆಯುವ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ನಿಯಮದಲ್ಲಿ ಇಲ್ಲದ ಬೇಡಿಕೆಯನ್ನು ತಳ್ಳಿಹಾಕುವುದಕ್ಕೆ ಯಾರೂ ಬೇಕಿಲ್ಲ, ಸುಮ್ಮನೆ ಬಿಟ್ಟರೆ ಸಾಕು. ಅಚ್ಚರಿಯಿರುವುದು ಆಕೆ ಕೇಳುತ್ತಲೇ ಹೋದದ್ದರಲ್ಲಿ.

ಆ ಹೊತ್ತಿಗೆ ಮತ್ತೊಂದು ದಿಕ್ಕಿನಿಂದ ನೆರವು ಬಂತು. ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಡೇವಿಡ್ ಫೇರ್‌ಚೈಲ್ಡ್ ಜಗತ್ತಿನ ಮೂಲೆಮೂಲೆಗಳಿಂದ ಉಪಯುಕ್ತ ಗಿಡಗಳನ್ನು ಅಮೆರಿಕಕ್ಕೆ ತರುವ ಕೆಲಸದಲ್ಲಿ ಇದ್ದವರು. 1906ರಲ್ಲಿ ಅವರು ಯೊಕೊಹಾಮಾದ ಸಸ್ಯಾಲಯವೊಂದರಿಂದ ನೂರು ಚೆರ್ರಿ ಗಿಡಗಳನ್ನು ತರಿಸಿ, ವಾಷಿಂಗ್ಟನ್ನಿಗೆ ಹೊಂದಿಕೊಂಡ ಚೆವಿ ಚೇಸ್‌ನ ತಮ್ಮ ಜಮೀನಿನಲ್ಲಿ ನೆಟ್ಟು ನೋಡಿದರು. ಅಲ್ಲಿನ ಚಳಿಯನ್ನು ಅವು ತಾಳಿಕೊಂಡವು. 1908ರ ಮಾರ್ಚ್ 27ರಂದು ವಾಷಿಂಗ್ಟನ್ನಿನ ಶಾಲೆ ಶಾಲೆಗಳ ಹುಡುಗರಿಗೆ ಒಂದೊಂದು ಸಸಿಯನ್ನು ಹಂಚಿ, ಪೊಟೊಮ್ಯಾಕ್ ದಂಡೆಯನ್ನು ಚೆರ್ರಿಯ ಬಯಲಾಗಿಸಬೇಕೆಂದು ಭಾಷಣದಲ್ಲಿ ಕೋರಿದರು. ಸಭೆಯಲ್ಲಿ ಎಲೈಜಾ ಸಿಡ್‌ಮೋರ್ ಕೂಡ ಇದ್ದರು.

ಮರುವರ್ಷ ವಿಲಿಯಂ ಟಾಫ್ಟ್ ಅಧ್ಯಕ್ಷರಾದಾಗ ಎಲೈಜಾ ಅಧಿಕಾರಿಗಳ ದಾರಿಯನ್ನು ಬಿಟ್ಟು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಅವರಿಗೆ ನೇರವಾಗಿ ಪತ್ರ ಬರೆದರು. ಹೆಲೆನ್ ಜಪಾನಿನಲ್ಲಿ ಇದ್ದು ಬಂದವರು, ಆ ಹೂಗಳನ್ನು ಬಲ್ಲವರು. 1909ರ ಏಪ್ರಿಲ್ 7ರಂದೇ ಒಪ್ಪಿಗೆಯ ಉತ್ತರ ಬಂತು. ಇಪ್ಪತ್ತನಾಲ್ಕು ವರ್ಷ ಕದಲದಿದ್ದ ವಿಷಯ ಕೆಲವೇ ದಿನಗಳಲ್ಲಿ ಇತ್ಯರ್ಥವಾಯಿತು! ಪೆನ್ಸಿಲ್ವೇನಿಯಾದ ಸಸ್ಯಾಲಯವೊಂದರಿಂದ ತೊಂಬತ್ತು ಗಿಡಗಳನ್ನು ಕೊಂಡು ನೆಡಲಾಯಿತು. ಅವು ಇಂದು ಉಳಿದಿಲ್ಲ.

ಹೆಲೆನ್ ಉತ್ತರ ಬರೆದ ಮರುದಿನ ವಾಷಿಂಗ್ಟನ್ನಿನಲ್ಲಿದ್ದ ಜೊಕಿಚಿ ತಕಾಮಿನೆ ಅವರಿಗೆ ಈ ಸುದ್ದಿ ತಿಳಿಯಿತು. ವೈದ್ಯಕೀಯದ ಇತಿಹಾಸ ಬಲ್ಲವರಿಗೆ ಈ ಹೆಸರು ಹೊಸದಲ್ಲ: ಅಡ್ರಿನಲಿನ್ ಎಂಬ ಜೀವರಸವನ್ನು ಶುದ್ಧ ಹರಳಾಗಿ ಬೇರ್ಪಡಿಸಿದ ರಸಾಯನವಿಜ್ಞಾನಿ ಇವರೇ. ಅಮೆರಿಕದ ಮಹಿಳೆಯನ್ನು ಮದುವೆಯಾಗಿ ನ್ಯೂಯಾರ್ಕಿನಲ್ಲಿ ನೆಲೆಸಿ ಶ್ರೀಮಂತರಾಗಿದ್ದ ತಕಾಮಿನೆ, ಎರಡು ಸಾವಿರ ಮರಗಳನ್ನು ಕೊಟ್ಟರೆ ಹೆಲೆನ್ ಸ್ವೀಕರಿಸುವರೇ ಎಂದು ವಿಚಾರಿಸಿದರು. ಒಬ್ಬ ವ್ಯಕ್ತಿಯ ಹೆಸರಿಗಿಂತ ಟೋಕಿಯೊ ನಗರದ ಹೆಸರಿನಲ್ಲಿ ಕೊಡುವುದು ಲೇಸೆಂದು ಜಪಾನಿನ ಕಾನ್ಸುಲ್ ಸೂಚಿಸಿದರು. ಟೋಕಿಯೊದ ಮೇಯರ್ ಯುಕಿಯೊ ಒಜಾಕಿ ಸಂತೋಷದಿಂದ ಒಪ್ಪಿದರು. ಹೀಗೆ ಹಣ ಒಬ್ಬರದು, ಹೆಸರು ನಗರದ್ದು.

1909ರ ಡಿಸೆಂಬರಿನಲ್ಲಿ ಎರಡು ಸಾವಿರ ಗಿಡಗಳು ಸಿಯಾಟಲ್ ಬಂದರಿಗೆ ಬಂದವು. 1910ರ ಜನವರಿ 6ರಂದು ವಾಷಿಂಗ್ಟನ್ ತಲುಪಿದವು. ಕೃಷಿ ಇಲಾಖೆಯ ತಜ್ಞರು ಅವುಗಳನ್ನು ಬಿಚ್ಚಿ ನೋಡಿದಾಗ ಬೇರುಗಳಲ್ಲಿ ಸೂಕ್ಷ್ಮ ಹುಳುಗಳಿದ್ದವು, ಕಾಂಡಗಳಲ್ಲಿ ಕೀಟಗಳಿದ್ದವು, ರೋಗದ ಗುರುತುಗಳಿದ್ದವು. ಪರೀಕ್ಷೆಯ ಹಿಂದಿದ್ದ ಕೀಟವಿಜ್ಞಾನಿ ಚಾರ್ಲ್ಸ್ ಮಾರ್ಲಟ್ ಅವರು ಫೇರ್‌ಚೈಲ್ಡರ ಬಾಲ್ಯಸ್ನೇಹಿತರು. ಆದರೆ ಹೊರಗಿನ ಗಿಡಗಳ ವಿಷಯದಲ್ಲಿ ಇಬ್ಬರದೂ ತದ್ವಿರುದ್ಧ ನಿಲುವು. ಒಬ್ಬರಿಗೆ ಪರದೇಶದ ಪ್ರತಿಯೊಂದು ಗಿಡವೂ ನಾಡಿನ ಸಂಪತ್ತು, ಇನ್ನೊಬ್ಬರಿಗೆ ಅದರ ಬೆನ್ನೇರಿ ಬರುವ ಪಿಡುಗೇ ಮೊದಲು ಕಾಣುವುದು. ಈ ಸಲ ಮಾರ್ಲಟ್ ಅವರ ಮಾತು ಗೆದ್ದಿತು. ಜನವರಿ 28ರಂದು ಅಧ್ಯಕ್ಷ ಟಾಫ್ಟ್ ಗಿಡಗಳನ್ನು ಸುಡಲು ಸಮ್ಮತಿಸಿದರು. ಸ್ನೇಹದ ಉಡುಗೊರೆಯನ್ನು ರಾಶಿ ಹಾಕಿ ಬೆಂಕಿಯಿಟ್ಟದ್ದು ರಾಜತಾಂತ್ರಿಕವಾಗಿ ಎಂಥ ಮುಜುಗರದ ಸಂಗತಿಯೆಂಬುದನ್ನು ಊಹಿಸಬಹುದು. ವಿಷಾದದ ಪತ್ರಗಳು ಟೋಕಿಯೊಗೆ ಹೋದವು.

ಜಪಾನ್ ಇದನ್ನು ಅವಮಾನವೆಂದು ತಿಳಿಯಬಹುದಿತ್ತು. ಆದರೆ ಒಜಾಕಿ ಮತ್ತು ಅವರ ಸಂಗಡಿಗರು ದೋಷವಿರುವುದು ನಿಜವಾದರೆ ದೋಷವಿಲ್ಲದ ಗಿಡಗಳನ್ನು ಬೆಳೆಸಿ ಕೊಡೋಣ ಎಂದು ನಿಶ್ಚಯಿಸಿದರು. ಖರ್ಚನ್ನು ತಕಾಮಿನೆ ಮತ್ತೆ ಹೊತ್ತರು. ಟೋಕಿಯೊದ ಅಡಾಚಿ ಭಾಗದಲ್ಲಿ ಅರಕಾವಾ ನದಿಯ ದಂಡೆಯ ಮೇಲೆ ಹೆಸರಾದ ಚೆರ್ರಿ ತೋಪೊಂದಿತ್ತು. 1910ರ ಡಿಸೆಂಬರಿನಲ್ಲಿ ಅಲ್ಲಿಂದ ಕಸಿಕಡ್ಡಿಗಳನ್ನು ಕೊಯ್ದು, ಹ್ಯೋಗೊ ಪ್ರಾಂತ್ಯದ ಇಟಾಮಿಯಲ್ಲಿ ಎಚ್ಚರದಿಂದ ಬೆಳೆಸಿದ ಬೇರುಸಸಿಗಳಿಗೆ ಕಸಿ ಮಾಡಲಾಯಿತು. 1912ರ ಫೆಬ್ರವರಿ 14ರಂದು ಹನ್ನೆರಡು ತಳಿಗಳ 3,020 ಗಿಡಗಳು ‘ಅವಾ ಮಾರು’ ಹಡಗಿನಲ್ಲಿ ಯೊಕೊಹಾಮಾದಿಂದ ಹೊರಟವು. ಅವುಗಳಲ್ಲಿ 1,800 ಗಿಡಗಳು ‘ಸೊಮೆಯ್ ಯೊಶಿನೊ’ ಎಂಬ ತಳಿಯವು. ಈ ಬಾರಿ ತಪಾಸಣೆಯಲ್ಲಿ ಯಾವ ತಕರಾರೂ ಬರಲಿಲ್ಲ.

ಮಾರ್ಚ್ 27ರಂದು ಟೈಡಲ್ ಬೇಸಿನ್ನಿನ ಉತ್ತರದ ದಂಡೆಯಲ್ಲಿ ಹೆಲೆನ್ ಟಾಫ್ಟ್ ಒಂದು ಗಿಡವನ್ನು, ಜಪಾನಿನ ರಾಯಭಾರಿಯ ಪತ್ನಿ ಚಿಂದಾ ಅವರು ಮತ್ತೊಂದನ್ನು ನೆಟ್ಟರು. ಹೆಲೆನ್ ಒಂದು ಗುಲಾಬಿ ಹೂಗುಚ್ಛವನ್ನು ಕೊಟ್ಟರು. ದೊಡ್ಡ ಸಮಾರಂಭವೇನೂ ನಡೆಯಲಿಲ್ಲ. ಅಷ್ಟರಲ್ಲಿ, ಮೂರೂವರೆ ತಿಂಗಳ ಹಿಂದೆ, ದೆಹಲಿಯ ದರ್ಬಾರಿನಲ್ಲಿ ಭಾರತದ ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಬರುವುದೆಂಬ ಘೋಷಣೆ ಆಗಿತ್ತು. ನಾವು ಇಂದು ಕಾಣುವ ಹೊಸದೆಹಲಿಯ ಸಾಲುಮರಗಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ ಎಂಬುದನ್ನು ನೆನೆದರೆ ಆ ಚೆರ್ರಿ ಗಿಡಗಳ ಕಾಲ ಯಾವುದೆಂಬುದು ಮನಸ್ಸಿಗೆ ಹತ್ತಿರವಾಗುತ್ತದೆ.

ಇಲ್ಲಿಯವರೆಗಿನದು ಪ್ರವಾಸಿಗರ ಕೈಪಿಡಿಗಳಲ್ಲೂ ಸಿಗುವ ಕಥೆ. ಅದೇ ವರ್ಷಗಳ ಕಾನೂನಿನ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದಿದರೆ ಬೇರೆಯ ಚಿತ್ರ ತೆರೆದುಕೊಳ್ಳುತ್ತದೆ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಲಾ ಮಂಡಳಿ ಜಪಾನಿ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸಲು ಆದೇಶಿಸಿತು. ಅದರಿಂದೆದ್ದ ಗದ್ದಲ ಶಮನವಾದದ್ದು, ಕೂಲಿಕಾರರಿಗೆ ಅಮೆರಿಕದ ಪಾಸ್‌ಪೋರ್ಟ್ ಕೊಡುವುದಿಲ್ಲವೆಂದು ಜಪಾನ್ ಸರ್ಕಾರವೇ ಮಾತು ಕೊಟ್ಟ ಮೇಲೆ. ಗಿಡಗಳನ್ನು ನೆಟ್ಟ ಮರುವರ್ಷ, 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಬೇಸಾಯದ ಜಮೀನನ್ನು ಕೊಳ್ಳಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿತು. ಅದರಲ್ಲಿ ಜಪಾನೀಯರ ಹೆಸರಿಲ್ಲದಿದ್ದರೂ ಗುರಿ ಅವರೇ ಎಂಬುದು ಎಲ್ಲರಿಗೂ ತಿಳಿದಿತ್ತು.

ಅರ್ಹರಲ್ಲ ಎಂಬುದಕ್ಕೆ ಆಧಾರವೇನು? 1790ರ ಪೌರತ್ವ ಕಾಯಿದೆಯು ಆ ಹಕ್ಕನ್ನು ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಕೊಟ್ಟಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಲಾಯಿತು. ಏಷ್ಯಾದವರ ಮಾತೇ ಇರಲಿಲ್ಲ. ಇಪ್ಪತ್ತು ವರ್ಷ ಅಮೆರಿಕದ ನೆಲದಲ್ಲಿ ಬಾಳಿ, ಅಲ್ಲಿಯೇ ಓದಿ, ಮನೆಯಲ್ಲಿ ಇಂಗ್ಲಿಷನ್ನೇ ಬಳಸುತ್ತಿದ್ದ ತಕಾವೊ ಒಜಾವಾ ಎಂಬ ಜಪಾನೀಯರು ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋದರು. ನಡತೆಯಲ್ಲಿ, ವಿದ್ಯೆಯಲ್ಲಿ ಅವರು ಅರ್ಹರೆಂಬುದನ್ನು ನ್ಯಾಯಾಲಯ ಒಪ್ಪಿತು. ಆದರೂ ಬಿಳಿಯರಲ್ಲವೆಂದು 1922ರ ನವೆಂಬರಿನಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಮೂರು ತಿಂಗಳ ನಂತರ, 1923ರ ಫೆಬ್ರವರಿ 19ರಂದು, ಅದೇ ನ್ಯಾಯಾಲಯದ ಮುಂದೆ ನಿಂತವರು ಪಂಜಾಬಿನ ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಅವರಿಗೂ ಅದೇ ಉತ್ತರ. ಆ ತೀರ್ಪಿನ ಬಲದಿಂದ, ಹಿಂದೆಯೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಸಿದುಕೊಳ್ಳಲಾಯಿತು. 1924ರ ವಲಸೆ ಕಾಯಿದೆ ಜಪಾನೀಯರ ಪ್ರವೇಶವನ್ನೇ ನಿಲ್ಲಿಸಿತು.

ಚೆರ್ರಿ ಮರಗಳಿಗೆ ಹಣ ಕೊಟ್ಟ ತಕಾಮಿನೆಯವರು ಒಜಾವಾ ತೀರ್ಪಿಗೆ ನಾಲ್ಕು ತಿಂಗಳ ಮುನ್ನ, 1922ರ ಜುಲೈನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ ದೇಶದ ಪ್ರಜೆಯಾಗುವ ದಾರಿ ಅವರಿಗೂ ಮುಚ್ಚಿಯೇ ಇತ್ತು. ಅವರು ಕೊಟ್ಟ ಮರಗಳು ಆ ವೇಳೆಗೆ ಹತ್ತು ವಸಂತ ಕಂಡು, ರಾಜಧಾನಿಯ ಹೆಮ್ಮೆಯಾಗಿದ್ದವು.

ಗಿಡಗಳ ಮೇಲೂ ಕಾನೂನು ಬಂದಿತ್ತು ಎಂಬುದನ್ನು ಮರೆಯಬಾರದು. 1912ರ ಆಗಸ್ಟಿನಲ್ಲಿ, ಚೆರ್ರಿ ನೆಟ್ಟ ಐದೇ ತಿಂಗಳಲ್ಲಿ, ಅಮೆರಿಕ ಸಸ್ಯಗಳ ಆಮದನ್ನು ನಿಯಂತ್ರಿಸುವ ಕ್ವಾರಂಟೈನ್ ಕಾಯಿದೆಯನ್ನು ಜಾರಿಗೆ ತಂದಿತು. ಅದಕ್ಕಾಗಿ ಮಾರ್ಲಟ್ ಬಹಳ ದುಡಿದಿದ್ದರು. ಕೀಟದ ಭಯ ಸುಳ್ಳಾಗಿರಲಿಲ್ಲ. ಹೊರಗಿನಿಂದ ಬಂದ ಕೀಟಗಳು ಹಣ್ಣಿನ ತೋಟಗಳನ್ನು ಹಾಳುಗೆಡವಿದ್ದನ್ನು ಆ ದೇಶ ಕಂಡಿತ್ತು. ಆದ್ದರಿಂದ ಎರಡು ಸಾವಿರ ಗಿಡಗಳನ್ನು ಸುಟ್ಟದ್ದನ್ನು ನಾವು ಅನ್ಯಾಯವೆನ್ನಲಾರೆವು. ಆ ತಪಾಸಣೆಗೆ ಕಣ್ಣಿಗೆ ಕಾಣುವ ಕಾರಣವಿತ್ತು. ಕಾರಣವನ್ನು ನಿವಾರಿಸಿದೊಡನೆ ಬಾಗಿಲು ತೆರೆಯಿತು. ಒಜಾವಾ, ಥಿಂಡ್ ಅವರ ತಪಾಸಣೆ ಹಾಗಿರಲಿಲ್ಲ. ದೋಷವಿಲ್ಲವೆಂದು ತೋರಿಸಿಕೊಟ್ಟರೂ ಅವರ ಪಾಲಿಗೆ ಬಾಗಿಲು ತೆರೆಯಲಿಲ್ಲ. ಹುಳವನ್ನು ಪರೀಕ್ಷಿಸುವ ಮಾತನ್ನೇ ಮನುಷ್ಯರಿಗೂ ಹೊಂದಿಸುವವರು ಇಂದಿಗೂ ಎಲ್ಲ ದೇಶಗಳಲ್ಲೂ ಇದ್ದಾರೆ. ನಮ್ಮ ನಗರಗಳಲ್ಲಿಯೂ ಹೊರಗಿನಿಂದ ಬಂದವರ ಬಗೆಗೆ ಆಗಾಗ ಕೇಳಿಬರುವ ಮಾತುಗಳಲ್ಲಿ ಆ ದನಿಯಿದೆ.

ಉದ್ಯಾನದಲ್ಲಿ ಮಾತ್ರ ಹೂವಿನ ಸಂಭ್ರಮ ಬೆಳೆಯುತ್ತಲೇ ಹೋಯಿತು. 1927ರಲ್ಲಿ ಶಾಲಾಮಕ್ಕಳು ಮೊದಲ ನೆಡುವಿಕೆಯನ್ನು ಅಭಿನಯಿಸಿ ತೋರಿಸಿದರು. 1935ರಲ್ಲಿ ಹಲವು ಸಂಸ್ಥೆಗಳು ಸೇರಿ ಮೊದಲ ಚೆರ್ರಿ ಹೂವಿನ ಹಬ್ಬವನ್ನು ನಡೆಸಿದವು. 1938ರ ನವೆಂಬರಿನಲ್ಲಿ ಥಾಮಸ್ ಜೆಫರ್ಸನ್ ಸ್ಮಾರಕಕ್ಕಾಗಿ ಬೇಸಿನ್ನಿನ ದಂಡೆಯ ಮರಗಳನ್ನು ತೆಗೆಯಲು ಹೊರಟಾಗ ನಗರದ ಮಹಿಳೆಯರ ಗುಂಪೊಂದು ಮರಗಳ ಬಳಿ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಪ್ರತಿಭಟಿಸಿತು. ಬೇರೆ ಮರಗಳನ್ನು ನೆಡುವುದಾಗಿ ಮಾತು ಕೊಟ್ಟ ಮೇಲೆ ಸ್ಮಾರಕದ ಕೆಲಸ ನಡೆಯಿತು. ಇಪ್ಪತ್ತಾರು ವರ್ಷಗಳಲ್ಲಿ ಆ ಪರದೇಶಿ ಮರಗಳು ಊರವರಿಗೆ ತಮ್ಮವೇ ಆಗಿದ್ದವು.

ಆ ಪ್ರೀತಿಗೂ ಒಂದು ಮಿತಿಯಿತ್ತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ನಾಲ್ಕನೆಯ ದಿನ ನಾಲ್ಕು ಚೆರ್ರಿ ಮರಗಳು ಕಡಿದು ಬಿದ್ದಿದ್ದವು. ಕಡಿದವರು ಯಾರೆಂದು ಗೊತ್ತಾಗಲಿಲ್ಲ. ಸೇಡು ಎಂಬುದನ್ನು ಎಲ್ಲರೂ ಊಹಿಸಿದರು. ಬಾಲಕ ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರ ಕಡಿದು ತಂದೆಯ ಮುಂದೆ ನಿಜ ನುಡಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅದು ಮೇಸನ್ ವೀಮ್ಸ್ ಎಂಬ ಚರಿತ್ರಕಾರರು ಹೆಣೆದ ಕಟ್ಟುಕಥೆ. ಆ ವಾಷಿಂಗ್ಟನ್ನನ ಹೆಸರಿನ ಊರಿನಲ್ಲಿ ಕೊಡಲಿ ಹಿಡಿದವರು ಈ ಬಾರಿ ತಪ್ಪೊಪ್ಪಿಕೊಳ್ಳಲು ಮುಂದೆ ಬರಲಿಲ್ಲ. ಉಳಿದ ಮರಗಳಿಗೆ ಅಪಾಯವಾಗದಿರಲೆಂದು ಯುದ್ಧ ಮುಗಿಯುವವರೆಗೂ ಅವುಗಳನ್ನು ‘ಜಪಾನಿ ಚೆರ್ರಿ’ ಎನ್ನದೆ ‘ಪೌರ್ವಾತ್ಯ ಚೆರ್ರಿ’ ಎನ್ನತೊಡಗಿದರು. ಹಬ್ಬ ನಿಂತಿತು. ಹೆಸರನ್ನು ಬದಲಿಸಿಕೊಂಡು ಮರಗಳು ಉಳಿದವು.

ಮನುಷ್ಯರಿಗೆ ಆ ಅನುಕೂಲವಿರಲಿಲ್ಲ. ಥಿಂಡ್ ತೀರ್ಪು ಹೊರಬಿದ್ದು ಸರಿಯಾಗಿ ಹತ್ತೊಂಬತ್ತು ವರ್ಷಕ್ಕೆ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ ಆದೇಶದ ಮೇರೆಗೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಾರು ಬಿಡಿಸಿ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಸರ್ಕಾರ ಇದಕ್ಕಾಗಿ ಕ್ಷಮೆ ಕೋರಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನು ಮಾಡಿದ್ದು 1988ರಲ್ಲಿ.

ಸಕುರಾದ ಹೆಸರನ್ನು ಜಪಾನ್ ಬಳಸಿದ ರೀತಿಯೂ ಆ ಕಾಲದಲ್ಲಿ ನಿಷ್ಕಳಂಕವಾಗಿರಲಿಲ್ಲ. ಬೇಗನೆ ಉದುರುವ ಹೂವನ್ನು ಚಕ್ರವರ್ತಿಗಾಗಿ ಪ್ರಾಣ ಬಿಡುವ ಸೈನಿಕನ ಸಂಕೇತವನ್ನಾಗಿ ಮಾಡಲಾಗಿತ್ತು. 1945ರಲ್ಲಿ ಚಾಲಕನನ್ನೇ ಹೊತ್ತು ಶತ್ರುಹಡಗಿಗೆ ಅಪ್ಪಳಿಸುತ್ತಿದ್ದ ಆತ್ಮಾಹುತಿ ವಿಮಾನಕ್ಕೆ ‘ಒಹ್ಕಾ’, ಅಂದರೆ ಚೆರ್ರಿ ಹೂ, ಎಂದೇ ಹೆಸರು. ಕೊರಿಯಾವನ್ನು ಆಳಿದ ಕಾಲದಲ್ಲಿ ಜಪಾನೀಯರು ಸೋಲ್ ನಗರದ ಚಾಂಗ್‌ಗ್ಯೊಂಗ್ ಅರಮನೆಯನ್ನು ಮೃಗಾಲಯವಾಗಿಸಿ ಅಲ್ಲಿ ಚೆರ್ರಿ ಮರಗಳನ್ನು ನೆಟ್ಟರು. ಕೊರಿಯನ್ನರಿಗೆ ಆ ಹೂವು ದಾಸ್ಯದ ಗುರುತಾಗಿ ಉಳಿಯಿತು. 1980ರ ದಶಕದಲ್ಲಿ ಅರಮನೆಯನ್ನು ಪುನರುದ್ಧಾರ ಮಾಡುವಾಗ ಅವುಗಳನ್ನು ಅಲ್ಲಿಂದ ತೆಗೆಯಲಾಯಿತು. ಒಂದೇ ಮರ ಒಂದು ರಾಜಧಾನಿಯಲ್ಲಿ ಉಡುಗೊರೆ, ಇನ್ನೊಂದರಲ್ಲಿ ಹೇರಿಕೆ. ಉಡುಗೊರೆ ಕೊಟ್ಟ ಒಜಾಕಿಯವರಾದರೋ ಸ್ವದೇಶದ ಈ ಸೈನಿಕ ಉನ್ಮಾದವನ್ನು ಸಂಸತ್ತಿನಲ್ಲಿ ಎದುರಿಸಿದವರು. 1942ರಲ್ಲಿ, ಎಂಬತ್ತು ದಾಟಿದ್ದ ಅವರ ಮೇಲೆ ರಾಜನಿಂದೆಯ ಮೊಕದ್ದಮೆ ಹೂಡಲಾಯಿತು. ಎರಡು ವರ್ಷಗಳ ಬಳಿಕ ಖುಲಾಸೆಯಾಯಿತು.

ಮರ ಹೊರಗೆ, ಮನುಷ್ಯ ಒಳಗೆ ಎಂಬ ಈ ವಿಪರ್ಯಾಸ ಕನ್ನಡ ನಾಡಿಗೂ ಅಪರಿಚಿತವಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್ ಅವರನ್ನು ಬೆಂಗಳೂರು ಮರೆಯುವಂತಿಲ್ಲ. ವರ್ಷದ ಪ್ರತಿ ತಿಂಗಳೂ ಯಾವುದಾದರೊಂದು ಬೀದಿ ಹೂವಾಗಿರುವಂತೆ ಸಾಲುಮರಗಳನ್ನು ಆಯ್ದು ನೆಡುವ ಕ್ರಮವನ್ನು ಆ ಊರಿಗೆ ಕಲಿಸಿದವರು ಅವರು. ಯುದ್ಧಕಾಲದಲ್ಲಿ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಅವರು ನೆಡಿಸಿದ ಮರಗಳು ಮಾತ್ರ ಋತು ತಪ್ಪದೆ ಹೂ ಬಿಡುತ್ತಿದ್ದವು. ಕ್ರುಂಬಿಗಲ್ ಬೆಂಗಳೂರಿನಲ್ಲೇ ಉಳಿದು 1956ರಲ್ಲಿ ಅಲ್ಲಿಯೇ ಮಣ್ಣಾದರು. ಇಂದು ಬೆಂಗಳೂರಿನ ಬೀದಿಗಳಲ್ಲಿ ಗುಲಾಬಿ ಟಬೂಬಿಯಾ ಅರಳಿದಾಗ ಜನ ಅದನ್ನು ನಮ್ಮೂರಿನ ಚೆರ್ರಿ ಹೂವೆಂದು ಕೊಂಡಾಡುತ್ತಾರೆ. ಅದೂ ದಕ್ಷಿಣ, ಮಧ್ಯ ಅಮೆರಿಕಗಳಿಂದ ಬಂದ ಮರವೇ.

ಯುದ್ಧ ಮುಗಿದಾಗ ಅರಕಾವಾ ದಂಡೆಯ ತಾಯಿತೋಪು ಪಾಳುಬಿದ್ದಿತ್ತು. ಅದನ್ನು ಮತ್ತೆ ಬೆಳೆಸಲು ಜಪಾನೀಯರು ವಾಷಿಂಗ್ಟನ್ನಿನ ನೆರವನ್ನು ಬೇಡಿದರು. 1952ರಲ್ಲಿ ಅಮೆರಿಕದ ಉದ್ಯಾನ ಇಲಾಖೆ, ಅರಕಾವಾದ ಸಂತತಿಯೇ ಆದ ಪೊಟೊಮ್ಯಾಕ್ ಮರಗಳಿಂದ ಕಡ್ಡಿಗಳನ್ನು ಕೊಯ್ದು ಟೋಕಿಯೊಗೆ ಕಳುಹಿಸಿತು. ಮಗಳ ಮನೆಯಿಂದ ತವರಿಗೆ ಬೀಜದ ಕಾಳು ಹೋದಂತೆ. ಜಪಾನೀಯರು ಅಮೆರಿಕದ ಪೌರರಾಗಲು ಕಾನೂನು ಮೊದಲ ಬಾರಿಗೆ ಒಪ್ಪಿದ್ದೂ 1952ರಲ್ಲಿಯೇ. ಭಾರತೀಯರಿಗೆ ಆ ಹಕ್ಕು 1946ರಲ್ಲಿ, ವರ್ಷಕ್ಕೆ ನೂರು ಜನರ ಪ್ರವೇಶದೊಡನೆ, ದೊರೆತಿತ್ತು. ಮರಗಳಿಗೆ ನೆಲ ಸಿಕ್ಕ ನಲವತ್ತು ವರ್ಷಗಳ ಮೇಲೆ, ಅವುಗಳನ್ನು ಕೊಟ್ಟವರ ಜನಕ್ಕೆ ನೆಲ ಸಿಕ್ಕಿತು.

1965ರಲ್ಲಿ ಜಪಾನ್ ಮತ್ತೆ 3,800 ಯೊಶಿನೊ ಗಿಡಗಳನ್ನು ಕೊಟ್ಟಿತು; ಈ ಬಾರಿ ಅಮೆರಿಕದಲ್ಲಿಯೇ ಬೆಳೆಸಿದ ಗಿಡಗಳವು. ಆ ವರ್ಷದ ಅಕ್ಟೋಬರಿನಲ್ಲಿ ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ವಲಸೆ ಪದ್ಧತಿಯನ್ನು ಅಮೆರಿಕ ಕೈಬಿಟ್ಟಿತು. ನಮ್ಮ ಮೈಸೂರು, ಧಾರವಾಡ, ಮಂಗಳೂರುಗಳ ಎಂಜಿನಿಯರುಗಳು, ವೈದ್ಯರು ಅಲ್ಲಿ ಹೋಗಿ ಮನೆ ಮಾಡಲು ಸಾಧ್ಯವಾದದ್ದು ಆ ಬದಲಾವಣೆಯಿಂದ. ಯುಗಾದಿಯಂದು ಟೈಡಲ್ ಬೇಸಿನ್ನಿನ ಹೂಗಳ ಕೆಳಗೆ ಸೀರೆ ಉಟ್ಟು ನಿಂತ ಅಕ್ಕತಂಗಿಯರ ಚಿತ್ರಗಳು ನಮ್ಮನ್ನು ತಲುಪುವುದಕ್ಕೆ ಆ ಕಾನೂನೇ ಹಾದಿ.

ಸೊಮೆಯ್ ಯೊಶಿನೊ ಬೀಜದಿಂದ ತನ್ನಂತೆಯೇ ಹುಟ್ಟುವ ಮರವಲ್ಲ. ಎದೊ ಕಾಲದ ಕೊನೆಯಲ್ಲಿ ಸೊಮೆಯ್ ಎಂಬ ಹಳ್ಳಿಯ ತೋಟಗಾರರ ಕೈಯಿಂದ ಪ್ರಚಾರಕ್ಕೆ ಬಂದ ಈ ಮಿಶ್ರತಳಿಯನ್ನು ಕಸಿ ಕಟ್ಟಿಯೇ ಬೆಳೆಸಬೇಕು. ಆದ್ದರಿಂದಲೇ ಅವೆಲ್ಲ ಒಂದೇ ಮರದ ಪ್ರತಿಗಳು, ಒಂದೇ ಹೊತ್ತಿಗೆ ಅರಳುವಂಥವು. ಅದರ ಆಯುಸ್ಸೂ ದೊಡ್ಡದಲ್ಲ. 1912ರ ಗಿಡಗಳಲ್ಲಿ ಸ್ವಲ್ಪವೇ ಉಳಿದಿವೆ. ನೂರು ವರ್ಷದ ತೋಪು ನಮ್ಮ ಕಣ್ಣಿಗೆ ಒಂದೇ ಆಗಿ ಕಂಡರೂ, ಅದನ್ನು ಉಳಿಸಿರುವುದು ಸಾಯುವ ಮರಕ್ಕೆ ಬದಲು ಹೊಸ ಗಿಡ ಕಟ್ಟಿದ ಮಾಲಿಗಳ ಕೈ. 1981ರಲ್ಲಿ ಜಪಾನಿನ ನದಿಯೊಂದರ ಪ್ರವಾಹದಲ್ಲಿ ಮರಗಳು ಹೋದಾಗ ಅಲ್ಲಿನ ತಜ್ಞರು ವಾಷಿಂಗ್ಟನ್ನಿಗೆ ಬಂದು ಕಡ್ಡಿಗಳನ್ನು ಒಯ್ದರು. 1997ರಲ್ಲಿ, ಉಳಿದ ಮೂಲಮರಗಳ ವಂಶ ಅಳಿಯದಿರಲೆಂದು ಅವುಗಳ ಕಡ್ಡಿಗಳಿಂದ ಗಿಡ ಮಾಡಲಾಯಿತು. 2011ರಲ್ಲಿ ಅಂಥ ಸುಮಾರು 120 ಸಸಿಗಳು ಜಪಾನಿಗೆ ಮರಳಿದವು. ಒಬ್ಬರಲ್ಲಿ ಅಳಿದದ್ದನ್ನು ಇನ್ನೊಬ್ಬರು ಕಾಪಾಡಿ ಮರಳಿ ಕೊಡುವ ಈ ವ್ಯವಹಾರದಲ್ಲಿ ರಾಜಕಾರಣಿಗಳ ಭಾಷಣಕ್ಕಿಂತ ಹೆಚ್ಚಿನ ಸ್ನೇಹವನ್ನು ನಾವು ಕಾಣುತ್ತೇವೆ.

ಈಗ ಆ ತೋಪಿಗೆ ಹೊಸ ಕಷ್ಟ ಬಂದಿದೆ. ಹೂಳು ತುಂಬಿ ಮಾಡಿದ ನೆಲ ಕುಸಿಯುತ್ತಿದೆ, ನೀರಿನ ಮಟ್ಟ ಏರುತ್ತಿದೆ. ಭರತದ ನೀರು ದಂಡೆಯನ್ನು ದಾಟಿ ಬೇರುಗಳನ್ನು ನೆನೆಸುತ್ತದೆ. ತಡೆಗೋಡೆಯನ್ನು ಹೊಸದಾಗಿ ಕಟ್ಟಲೆಂದು 2024ರಲ್ಲಿ ನೂರಕ್ಕೂ ಹೆಚ್ಚು ಚೆರ್ರಿ ಮರಗಳನ್ನು ತೆಗೆಯಬೇಕಾಯಿತು. ಅವುಗಳಲ್ಲಿ ಒಂದು, ಟೊಳ್ಳು ಕಾಂಡದ ಮೇಲೆ ನಾಲ್ಕು ಕೊಂಬೆ ಹೊತ್ತು ಪ್ರತಿ ವರ್ಷವೂ ಹೂ ಬಿಡುತ್ತಿದ್ದ ಮೋಟು ಮರ. ‘ಸ್ಟಂಪಿ’ ಎಂದು ಊರಿನ ಜನ ಅದಕ್ಕೆ ಮುದ್ದಿನ ಹೆಸರಿಟ್ಟಿದ್ದರು; ಕೊನೆಯ ವಸಂತದಲ್ಲಿ ಅದನ್ನು ಬೀಳ್ಕೊಡಲು ಗುಂಪುಗುಂಪಾಗಿ ಬಂದರು. ಅದರ ಕಡ್ಡಿಗಳನ್ನೂ ಕಸಿಗೆಂದು ತೆಗೆದಿರಿಸಲಾಯಿತು. ಹೋದ ಮರಗಳ ಸ್ಥಾನಕ್ಕೆ 250 ಹೊಸ ಗಿಡಗಳನ್ನು ಕೊಡುವುದಾಗಿ ಜಪಾನ್ ಪ್ರಧಾನಿ ಆ ಏಪ್ರಿಲಿನಲ್ಲಿ ವಾಷಿಂಗ್ಟನ್ನಿಗೆ ಬಂದಾಗ ಪ್ರಕಟಿಸಿದರು.

ಎಲೈಜಾ ಸಿಡ್‌ಮೋರ್ 1928ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಯೊಕೊಹಾಮಾಗೆ ತಂದು, ವಿದೇಶೀಯರ ಸ್ಮಶಾನದಲ್ಲಿ ತಾಯಿ ಮತ್ತು ಅಣ್ಣನ ಪಕ್ಕದಲ್ಲಿ ಇರಿಸಲಾಯಿತು. ಜಪಾನಿನ ಮರವನ್ನು ಅಮೆರಿಕಕ್ಕೆ ತರಿಸಿದ ಆಕೆ ತಾವು ಜಪಾನಿನ ಮಣ್ಣಿಗೆ ಸಂದರು. 1991ರಲ್ಲಿ ವಾಷಿಂಗ್ಟನ್ನಿನ ಚೆರ್ರಿ ಮರಗಳಿಂದ ಮಾಡಿದ ಸಸಿಗಳನ್ನು ಅವರ ಸಮಾಧಿಯ ಬಳಿ ನೆಟ್ಟರು. ಅರಕಾವಾದಿಂದ ಹೋಗಿ, ಪೊಟೊಮ್ಯಾಕ್ ದಂಡೆಯಲ್ಲಿ ಎಂಬತ್ತು ವರ್ಷ ಬೆಳೆದು ಮರಳಿದ ವಂಶ ಅದು. ಅಲ್ಲಿ ಅದನ್ನು ಯಾವ ದೇಶದ ಮರವೆಂದು ಕರೆಯುತ್ತಾರೋ, ಅಥವಾ ಹಾಗೆ ಕೇಳುವವರೇ ಇಲ್ಲವೋ.